ಏಳು ಮಣದ ಮೇಲೆ ಆರು ಸೇರು

ಮದ್ದೂರು ಪೇಟೆಯ ತೂಕದವರ ಮನೆ ನಿನ್ನೆ ಮೊನ್ನೆ ಎದ್ದದ್ದಲ್ಲ. ಅದರ ಮೂಲದವನು ಕೆಂಚಸಿದ್ದಯ್ಯ, ಮಳವಳ್ಳಿ ಕಡೆಯವನು. ಕಲ್ಲುಕುಟಿಗರ ಬೆನ್ನಿಗೆ ಮೂರು ತಿಂಗಳು ಬಿದ್ದು, ಕರಿಕಲ್ಲಿನಲ್ಲಿ ಹತ್ತು ಗುಂಡು ಕಡೆಸಿದ. ಒಂದೊಂದೂ ಒಂದು ಮಣ. ಪ್ರತಿ ಗುಂಡಿನ ನೆತ್ತಿಗೂ ಒಂದು ಕೊಂಡಿ, ಕೊಂಡಿಗೆ ಹಿಡಿದು ಎತ್ತುವುದಕ್ಕೆ ಒಂದು ಕಬ್ಬಿಣದ ಬಳೆ. ಬಳೆಯೂ ಸೇರಿ ಸರಿಯಾಗಿ ನಲವತ್ತು ಸೇರು. ಗುಲಗಂಜಿಯಷ್ಟು ಹೆಚ್ಚಿಲ್ಲ, ಗುಲಗಂಜಿಯಷ್ಟು ಕಡಿಮೆಯಿಲ್ಲ. ಆ ಹತ್ತು ಗುಂಡನ್ನು ಎರಡು ಎತ್ತಿನ ಮೇಲೆ ಹೇರಿಕೊಂಡು ಮದ್ದೂರಿಗೆ ಬಂದು, ಬೆಲ್ಲದ ಮಂಡಿಯಲ್ಲಿ ತಕ್ಕಡಿ ಕಟ್ಟಿದ. ಒಂದು ದಿನ ಕಚೇರಿಯ ಪೇಷ್ಕಾರನೊಬ್ಬ ತನ್ನ ಬೆಲ್ಲ ಮಾರುವಾಗ ತಟ್ಟೆಯ ಅಂಚಿಗೆ ಛತ್ರಿಯ ಮೊನೆ ಊರಿ ನಿಂತನಂತೆ. ಕೆಂಚಸಿದ್ದಯ್ಯ ಕೈಮುಗಿದು, "ಬುದ್ಧೀ, ಛತ್ರೀನೂ ಮಾರ್ತೀರಾ? ಮಾರೋದಾದ್ರೆ ಬುಡ್ಬ್ಯಾಡಿ, ಅದ್ನೂ ಮ್ಯಾಲಿಡಿ, ತೂಗ್ತೀನಿ" ಅಂದನಂತೆ. ಪೇಷ್ಕಾರ ಛತ್ರಿ ಮಡಚಿಕೊಂಡ.

ಅವನ ಮಗ ಬೋರಸಿದ್ದಯ್ಯ. ಧಾತು ವರ್ಷದ ಬರದಲ್ಲಿ ಸರ್ಕಾರದವರು ಗಂಜಿ ಕೇಂದ್ರ ತೆರೆದಾಗ ರಾಗಿ ತೂಗಿಕೊಡಲು ಇವನನ್ನೇ ಕರೆದರು. ದಿನಕ್ಕೆ ನೂರಾರು ಮಣ ರಾಗಿ ಇವನ ಕೈ ಮೇಲೆ ಹಾದು ಹೋಗುತ್ತಿತ್ತು. ಸಂಜೆ ಉಗುರುಸಂದಿಯಲ್ಲಿ ಸಿಕ್ಕಿಕೊಂಡ ಕಾಳನ್ನೂ ಒದರಿ ಚೀಲಕ್ಕೆ ಹಾಕಿ ಬರಿಗೈಲಿ ಮನೆಗೆ ಹೋಗುತ್ತಿದ್ದ. ಆ ಬರದಲ್ಲಿ ಅವನ ಮಕ್ಕಳು ಎರಡು ಹಸಿದು ಹೋದವು. ಉಳಿದದ್ದು ಒಂದು, ದೊಡ್ಡಸಿದ್ದಯ್ಯ.

ಹಸಿವಿಗೆ ಮಕ್ಕಳನ್ನು ಕಳೆದುಕೊಂಡ ತಾಯಿ ಉಳಿದ ಮಗನಿಗೆ ಹೇಗೆ ಉಣ್ಣಿಸುತ್ತಾಳೆ ಅಂತ ಬೇರೆ ಹೇಳಬೇಕೆ? ದೊಡ್ಡಸಿದ್ದಯ್ಯ ಬೆಲ್ಲದ ಪಿಂಡಿಯ ಹಾಗೆ ಬೆಳೆದ. ಕಣ್ಣು ಮುಚ್ಚಿ ಕೈಯಲ್ಲಿ ಎತ್ತಿ ಇಷ್ಟು ಸೇರು ಅಂದರೆ ತಕ್ಕಡಿ ಹೌದು ಅನ್ನುತ್ತಿತ್ತು. ನಲವತ್ತೆಂಟನೇ ವಯಸ್ಸಿನಲ್ಲಿ, ಸಂತೆಯ ದಿನ, ತಕ್ಕಡಿ ಹಿಡಿದುಕೊಂಡೇ "ಐದೂ" ಎಂದು ಕೂಗಿದವನು ಆರಕ್ಕೆ ಬಾಯಿ ತೆರೆಯಲಿಲ್ಲ. ಎದೆ ಹಿಡಿದು ಕುಸಿದ.

ದೊಡ್ಡಸಿದ್ದಯ್ಯನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಕರಿಸಿದ್ದಯ್ಯ, ಕಿರಿಯವನು ಮರಿಸಿದ್ದಯ್ಯ. ಇದು ಮರಿಸಿದ್ದಯ್ಯನ ಕಥೆ.

ಮಂಡಿಯಲ್ಲಿ ಒಂದು ಪದ್ಧತಿ ಇತ್ತು. ಬೆಲ್ಲ ತಂದವರು ತೂಕ ಮುಗಿದ ಮೇಲೆ ತೂಕದವನ ಅಂಗೈಗೆ ಒಂದು ಚೂರು ಬೆಲ್ಲ ಮುರಿದು ಇಡಬೇಕು. ಅವನು ಅದನ್ನು ಅವರ ಕಣ್ಣೆದುರಿಗೇ ಬಾಯಿಗೆ ಹಾಕಿಕೊಳ್ಳಬೇಕು. ತಿನ್ನದೆ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಬೆಲ್ಲಕ್ಕೆ ಕುಂದು ಹೇಳಿದ ಹಾಗೆ. ಸಂತೆಯ ದಿನ ಮೂವತ್ತು ಗಾಡಿ ಬಂದರೆ ಮೂವತ್ತು ಚೂರು. ಅಣ್ಣ ತಮ್ಮ ಇಬ್ಬರೂ ಮೀಸೆ ಮೂಡುವ ಮೊದಲಿನಿಂದ ಹೀಗೆ ತಿಂದವರೇ. ಕರಿಸಿದ್ದಯ್ಯ ಹನ್ನೊಂದು ಮಣ ದಾಟಿದ. ಮರಿಸಿದ್ದಯ್ಯ ಹತ್ತೂವರೆಗೆ ಬಂದು ನಿಂತ. ಜನ ಅವರನ್ನು ನೋಡಿ ಸಂತೋಷಪಡುತ್ತಿದ್ದರು. ತೂಕದವನು ತೂಕವಾಗಿರಬೇಕು ಎನ್ನುತ್ತಿದ್ದರು.

ಕರಿಸಿದ್ದಯ್ಯನ ಹಿಮ್ಮಡಿಗೆ ಒಂದು ಜಾಲಿಮುಳ್ಳು ಚುಚ್ಚಿತು. ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲು ಮೊಣಕಾಲಿನ ತನಕ ಕಪ್ಪಗಾಗಿತ್ತು. ಗಾಡಿಯಲ್ಲಿ ಹುಲ್ಲು ಹಾಸಿ ಮಂಡ್ಯಕ್ಕೆ ಒಯ್ದರು, ಕಾಲು ಕತ್ತರಿಸಿದರು, ಒಂಬತ್ತನೇ ದಿನ ಹೆಣ ತಂದರು. ಚಟ್ಟಕ್ಕೆ ನಾಲ್ಕು ಜನ ಹೆಗಲು ಕೊಟ್ಟು ಎತ್ತಲಾರದೆ ಮತ್ತೆ ನಾಲ್ವರನ್ನು ಕರೆದರು. ಮರಿಸಿದ್ದಯ್ಯ ಮುಂದೆ ಮಡಕೆ ಹಿಡಿದು ನಡೆಯುತ್ತಿದ್ದವನಿಗೆ ಹಿಂದಿನಿಂದ ಹೊತ್ತವರ ಏದುಸಿರು ಕೇಳಿಸುತ್ತಿತ್ತು.

ಅಣ್ಣನ ತಿಥಿ ಮುಗಿದು ತಿಂಗಳಾಗಿರಬಹುದು. ಒಂದು ಬೆಳಿಗ್ಗೆ ಮರಿಸಿದ್ದಯ್ಯ ಹಿತ್ತಲಿನ ಬೇಲಿಯ ಹತ್ತಿರ ಹೋದ. ನಿನ್ನೆ ಸಂಜೆ ತಾನು ನೀರು ಬಿಟ್ಟು ಬಂದಿದ್ದ ಜಾಗದಲ್ಲಿ ಇರುವೆ ಮುತ್ತಿದ್ದವು. ಒಂದೆರಡಲ್ಲ. ನೆಲವೇ ಮಿಸುಕುತ್ತಿತ್ತು. ಅಣ್ಣನ ಹಿತ್ತಲಿನಲ್ಲೂ ಹೀಗೇ ಮುತ್ತುತ್ತಿದ್ದವು, ಅಣ್ಣ ಅದನ್ನು ತೋರಿಸಿ, "ನೋಡ್ಲಾ, ನನ್ನುಚ್ಚೇನೂ ಬೆಲ್ಲ ಆಗ್ಬುಟ್ಟದೆ" ಎಂದು ನಗುತ್ತಿದ್ದ. ಮರಿಸಿದ್ದಯ್ಯನಿಗೆ ನಗು ಬರಲಿಲ್ಲ. ಬೇಲಿಯ ಗೂಟ ಹಿಡಿದು ನಿಂತ.

ಆವತ್ತೇ ರೈಲು ಹತ್ತಿ ಮಂಡ್ಯಕ್ಕೆ ಹೋದ. ಅಲ್ಲಿ ಸಕ್ಕರೆ ಕಾರ್ಖಾನೆ ಎದ್ದು ಎರಡು ವರ್ಷವಾಗಿತ್ತು, ನಾಲೆಯ ನೀರು ಬಂದು ಊರು ಬೆಳೆಯುತ್ತಿತ್ತು, ಸ್ಟೇಷನ್ನಿನ ರಸ್ತೆಯಲ್ಲಿ ಕಸ್ತೂರಿರಂಗಯ್ಯಂಗಾರ್ ಅನ್ನುವ ಡಾಕ್ಟರು ಶಾಪು ಇಟ್ಟಿದ್ದರು. ಅವರು ಅಪ್ಪನ, ಅಣ್ಣನ ವಿಷಯವನ್ನೆಲ್ಲ ಕೇಳಿಕೊಂಡು, ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಇವನ ಮೂತ್ರದ ಎಂಟು ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದರು. ನೀಲಿ ಹಸುರಾಯಿತು, ಹಸುರು ಹಳದಿಯಾಯಿತು, ಹಳದಿ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಸಿಹಿಮೂತ್ರ," ಅಂದರು ಡಾಕ್ಟರು. "ನಿಮ್ಮಣ್ಣನಿಗಿದ್ದದ್ದೂ ಇದೇ. ನಿಮ್ಮಪ್ಪನಿಗೂ ಇದ್ದಿರಬೇಕು, ಪಾಪ, ನೋಡಿದವರಿಲ್ಲ. ಮೈ ಇಳಿಸಿದರೆ ಉಳಿಯುತ್ತೀಯ, ಮರಿಸಿದ್ದಯ್ಯ. ಇಳಿಸದಿದ್ದರೆ ನಾನು ಕೊಡೋ ಔಷಧ ಗೋಡೆಗೆ ಬಳಿದ ಹಾಗೆ."

"ಎಷ್ಟು ಇಳುಸ್ಬೇಕು ಸ್ವಾಮಿ?"

ಡಾಕ್ಟರು ಅವನ ಎತ್ತರ ನೋಡಿ, ಮನಸ್ಸಿನಲ್ಲಿ ಪೌಂಡನ್ನು ಮಣಕ್ಕೆ ತಂದು, "ಏಳು ಮಣದ ಆಸುಪಾಸಿನಲ್ಲಿರು" ಅಂದರು.

ಮರಿಸಿದ್ದಯ್ಯ ಇಳಿಸಿದ. ಹಟದವನು. ಅನ್ನ ಬಿಟ್ಟ. ಹೊತ್ತಿಗೆ ಅರ್ಧ ಮುದ್ದೆ, ಸೊಪ್ಪಿನ ಬಸ್ಸಾರು, ನೀರುಮಜ್ಜಿಗೆ. ಬೆಳಗಾಗುತ್ತಲೇ ಶಿಂಷಾ ಹೊಳೆಯ ತನಕ ನಡೆದು ಬರುವುದು. ಒಂದೊಂದು ದಿನ ಕಾಲು ಕೇಳಿದಂತೆ ನಡೆದು ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳ ಕೆಳಗೆ ಹೋಗಿ ನಿಂತದ್ದೂ ಉಂಟು. ಮಂಡಿಯಲ್ಲಿ ಕೊಡುವ ಬೆಲ್ಲದ ಚೂರನ್ನು ಮಾತ್ರ ಬೇಡ ಎನ್ನಲು ಬಾಯಿ ಬರಲಿಲ್ಲ. ಹಣೆಗೆ ಒತ್ತಿಕೊಂಡು, "ಅಣ್ಣನ ಎಸ್ರಲ್ಲಿ ಬೆಲ್ಲ ಬುಟ್ಟಿವ್ನಿ, ತಪ್ಪು ತಿಳೀಬ್ಯಾಡಿ" ಎಂದು ಹೇಳಿ, ಅವರದೇ ಎತ್ತಿನ ಬಾಯಿಗೆ ಇಡುತ್ತಿದ್ದ. ಜನ ಒಪ್ಪಿದರು. ಎತ್ತುಗಳು ಬಹಳವೇ ಒಪ್ಪಿದವು.

ಹದಿನಾಲ್ಕು ತಿಂಗಳಲ್ಲಿ ಹತ್ತೂವರೆ ಮಣ ಏಳಕ್ಕೆ ಬಂತು. ಇರುವೆ ಮಾಯವಾದವು. ಡಾಕ್ಟರ ನಳಿಗೆಯ ನೀಲಿ ನೀಲಿಯಾಗಿಯೇ ಉಳಿಯಿತು. ಮಂಡ್ಯದಿಂದ ಹಿಂದಿರುಗುವ ರೈಲಿನಲ್ಲಿ ಮರಿಸಿದ್ದಯ್ಯ ಕಿಟಕಿಗೆ ತಲೆಯಿಟ್ಟು ಸುಮ್ಮನೆ ಅತ್ತ.

ಇಳಿಸುವಾಗ ಅವನಿಗೆ ಅಂಜಿಕೆ ಇರಲಿಲ್ಲ. ಇಳಿಯುವುದು ಒಂದು ಕೆಲಸ. ಇವತ್ತು ಇಷ್ಟು, ನಾಳೆ ಇಷ್ಟು. ಅಂಜಿಕೆ ಹತ್ತಿದ್ದು ಏಳು ಮಣಕ್ಕೆ ಬಂದು ನಿಂತ ಮೇಲೆ. ಇನ್ನು ಇಳಿಯುವ ಹಾಗಿಲ್ಲ, ಏರುವ ಹಾಗಿಲ್ಲ. ಬಾವಿಯ ಕಟ್ಟೆಯ ಮೇಲೆ ನಿಂತುಕೊಂಡು ಬದುಕು ಸಾಗಿಸು ಅಂದ ಹಾಗಾಯಿತು.

ಸಂತೆಯಿಲ್ಲದ ದಿನಗಳಲ್ಲಿ ತಕ್ಕಡಿಯನ್ನು ಮನೆಯ ಕೊಟ್ಟಿಗೆಯ ತೊಲೆಗೆ ನೇತುಹಾಕುತ್ತಿದ್ದರು. ಮೊದಮೊದಲು ಹದಿನೈದು ದಿನಕ್ಕೊಮ್ಮೆ ತೂಗಿಕೊಳ್ಳುತ್ತಿದ್ದವನು ವಾರಕ್ಕೊಮ್ಮೆ ತೂಗಿಕೊಂಡ. ಆಮೇಲೆ ದಿನಾ ಬೆಳಿಗ್ಗೆ. ಒಂದು ತಟ್ಟೆಗೆ ಏಳು ಗುಂಡು ಪೇರಿಸಿ, ಇನ್ನೊಂದರಲ್ಲಿ ತಾನು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಹೆಚ್ಚು ಬಂದರೆ ಸೇರಿನ ಬೊಟ್ಟುಗಳನ್ನು, ಅಂದರೆ ಸಣ್ಣ ತೂಕದ ಕಬ್ಬಿಣಗಳನ್ನು, ಆ ಕಡೆಗೆ ಇಡುವುದು ಹೆಂಡತಿ ಹೊಂಬಾಳಮ್ಮನ ಕೆಲಸ. ಒಂದು ದಿನ ಸರಿಯಾಗಿ ಏಳು. ಮರುದಿನ ಏಳರ ಮೇಲೆ ಎರಡು ಸೇರು. ಅದರ ಮರುದಿನ ಒಂದು ಸೇರು ಕಡಿಮೆ. ಮತ್ತೆ ಮೂರು ಹೆಚ್ಚು.

ಡಾಕ್ಟರಿಗೆ ಹೇಳಿದರೆ ಅವರು ನಕ್ಕರು. "ಅಯ್ಯೋ, ಒಂದು ತಂಬಿಗೆ ನೀರು ಕುಡಿದರೆ ಮೂರು ಸೇರು ಏರುತ್ತೆ, ಬೆವರಿದರೆ ಇಳಿಯುತ್ತೆ. ಆಸುಪಾಸು ಅಂದೆನಲ್ಲಯ್ಯಾ."

ಬೇರೆ ಯಾರಿಗಾದರೂ ಈ ಮಾತು ಸಮಾಧಾನ ಕೊಡುತ್ತಿತ್ತು. ಆದರೆ ತೂಕದವರ ಮನೆಯಲ್ಲಿ ಹುಟ್ಟಿದವನಿಗೆ ಆಸುಪಾಸು ಎಂಬುದೊಂದು ತೂಕವೇ ಅಲ್ಲ. ಅವನ ವಂಶದಲ್ಲಿ ಯಾರೂ ಬೆಲ್ಲ ತೂಗಿ ಏಳರ ಆಸುಪಾಸು ಎಂದು ಕೂಗಿದವರಿಲ್ಲ. ಏಳು ಎಂದರೆ ಏಳು. ಮೇಲಿನ ಮೂರು ಸೇರು ಎಲ್ಲಿಂದ ಬಂತು? ಬಂದದ್ದು ನಿಂತರೆ? ನಿಂತದ್ದು ಬೆಳೆದರೆ? ಹನ್ನೊಂದು ಮಣದ ಅಣ್ಣನೂ ಒಂದು ಕಾಲಕ್ಕೆ ಏಳರ ಮೇಲೆ ಮೂರು ಸೇರೇ ಇದ್ದವನು.

ನೀರು ಕುಡಿಯುವುದನ್ನು ಕಡಿಮೆ ಮಾಡಿದ. ತುಟಿ ಒಡೆಯಿತು. ತೂಗಿಕೊಳ್ಳುವ ಮುಂಚೆ ಉಗುರು ಕತ್ತರಿಸಿದ. ಜುಟ್ಟು ತೆಗೆಸಿದ. ತೂಕದವರು ಎಣಿಸುವಾಗ ಒಂದು ಎನ್ನುವುದಿಲ್ಲ, ಮೊದಲನೆಯದನ್ನು "ಲಾಭ" ಎಂದೇ ಕೂಗುತ್ತಾರೆ. ಮರಿಸಿದ್ದಯ್ಯ ಮಂಡಿಯಲ್ಲಿ ಬೆಲ್ಲಕ್ಕೆ ಲಾಭ ಎನ್ನುತ್ತಿದ್ದವನು ಕೊಟ್ಟಿಗೆಯಲ್ಲಿ ತನ್ನ ಮೈಗೆ ಆ ಮಾತು ಆಡಲು ಹೆದರಿ ಒಂದು ಎಂದೇ ಎಣಿಸತೊಡಗಿದ. ಗೋಡೆಯ ಮೇಲೆ ಒಂಟಿ ಇರುವೆ ಹರಿದರೂ ಅದು ಎಲ್ಲಿಗೆ ಹೋಗುತ್ತದೆ ಎಂದು ಬೆನ್ನು ಹತ್ತಿ ನೋಡುತ್ತಿದ್ದ. ಅವನ ಕಸುಬಾದರೋ ಬೆಲ್ಲದ ಮಂಡಿಯಲ್ಲಿ. ಅಲ್ಲಿ ಕಾಲಿಟ್ಟ ಕಡೆಯೆಲ್ಲ ಇರುವೆ. ಒಂದು ಸಂತೆಯಲ್ಲಿ ಕಾಲಿನ ಮೇಲೆ ಸಾಲು ಹತ್ತಿದ್ದನ್ನು ಕಂಡು ಹೌಹಾರಿ ತಕ್ಕಡಿ ಬಿಟ್ಟು ಮಾರು ದೂರ ಓಡಿದ. ಜನ ಹಾವು ಎಂದುಕೊಂಡು ಕೋಲು ತಂದರು.

ಒಂದು ಬೆಳಿಗ್ಗೆ ಸೊಂಟದ ಬೆಳ್ಳಿ ಉಡಿದಾರ ಬಿಚ್ಚಿ ಜಗಲಿಯ ಮೇಲಿಟ್ಟು ತಟ್ಟೆ ಹತ್ತಿದ. ಹೊಂಬಾಳಮ್ಮ ಬೊಟ್ಟು ಹಿಡಿದ ಕೈ ಕೆಳಗಿಳಿಸಿಬಿಟ್ಟಳು.

"ಅಲ್ಲ, ಇದೇನು ಅಂತೀನಿ? ಉಡಿದಾರ ಬಿಚ್ಚೋದು ಎಣಕ್ಕೆ ಕಣ್ರೀ, ಬದ್ಕಿರೋ ಮನ್ಸ ಬಿಚ್ತಾನಾ?"

"ಅದ್ರದ್ದೂ ತೂಕ ಅಲ್ವೇನೇ. ಅರ್ಧ ಸೇರಾದ್ರೂ ಇರ್ತದೆ."

"ಆವತ್ತು ಏಳು ಮಣ ಬಂದಾಗ ಉಡಿದಾರ ಇತ್ತು ತಾನೇ? ಇವತ್ತು ಬಿಚ್ಚುದ್ರೆ ಯಾರಿಗೆ ಮೋಸ ಮಾಡ್ದಂಗಾಯ್ತು?"

ಮರಿಸಿದ್ದಯ್ಯನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಳಿದು ಉಡಿದಾರ ಕಟ್ಟಿಕೊಂಡು ಮತ್ತೆ ಹತ್ತಿದ. ಮೋಸ ಎಂಬ ಮಾತನ್ನು ಆ ಮನೆಯಲ್ಲಿ ಅಲ್ಲಿಯ ತನಕ ಯಾರೂ ಆಡಿರಲಿಲ್ಲ.

ಅದಾದ ಹತ್ತು ದಿನಕ್ಕೆ ಆರು ಸೇರು ಬಂತು. ಏಳು ಮಣದ ಮೇಲೆ ಆರು ಸೇರು. ಮರುದಿನವೂ ಆರು. ಮೂರನೇ ದಿನ ಒಂದು ಹೊತ್ತಿನ ಮುದ್ದೆಯನ್ನೂ ಬಿಟ್ಟು, ಹೊಳೆಗೆ ಎರಡು ಸಲ ನಡೆದು, ನಾಲಗೆ ಅಂಟಿಕೊಳ್ಳುವ ತನಕ ನೀರು ಕುಡಿಯದೆ ಇದ್ದು ತಟ್ಟೆಯಲ್ಲಿ ಕೂತ. ಹೊಂಬಾಳಮ್ಮ ಒಂದೊಂದೇ ಬೊಟ್ಟು ಇಟ್ಟಳು. ಆರನೆಯದು ಇಟ್ಟ ಮೇಲೆ ಮುಳ್ಳು ನೆಟ್ಟಗಾಯಿತು. ಅವಳು ಗಂಡನ ಮುಖ ನೋಡಲಾರದೆ ಸೆರಗಿನಲ್ಲಿ ಕೈ ಒರೆಸುತ್ತ ಒಳಗೆ ಹೋದಳು.

ತಟ್ಟೆಯಲ್ಲಿ ಕೂತೇ ಇದ್ದ. ಅಪ್ಪ ಕುಸಿದ ಜಾಗ, ಅಣ್ಣನ ಕರಿಕಾಲು, ಹಿಂದೆ ಕೇಳಿಸುತ್ತಿದ್ದ ಏದುಸಿರು, ಎಲ್ಲವೂ ಕೊಟ್ಟಿಗೆಯೊಳಕ್ಕೆ ಬಂದು ನಿಂತವು. ಹೊಟ್ಟೆಗೆ ಹಾಕದೆ ಮೈ ಏರುವುದು ಹೇಗೆ? ಸಾಧ್ಯವೇ ಇಲ್ಲ. ಹಾಗಾದರೆ? ಎದುರಿನ ತಟ್ಟೆಯ ಗುಂಡುಗಳನ್ನು ನೋಡಿದ. ಬಳೆಗಳು ಕಣ್ಣಿಗೆ ಬಿದ್ದವು. ನಾಲ್ಕು ತಲೆಮಾರಿನ ಕೈ ಹಿಡಿದು ಹಿಡಿದು ಸವೆದು, ನಡುವಿನಲ್ಲಿ ಸಣ್ಣಗಾಗಿದ್ದ ಬಳೆಗಳು. ಬಳೆ ಸವೆದರೆ ಗುಂಡು ಹಗುರವಾಗುತ್ತದೆ. ಗುಂಡು ಹಗುರವಾದರೆ ಎದುರಿಗೆ ಕೂತವನು ಭಾರ ಕಾಣುತ್ತಾನೆ. ನಾನು ಏಳೇ ಇದ್ದೇನೆ. ಕಲ್ಲು ಕಡಿಮೆಯಾಗಿದೆ!

ಆ ಯೋಚನೆ ಬಂದದ್ದೇ ತಡ, ಎದೆಯ ಮೇಲಿನ ಚಪ್ಪಡಿ ಸರಿದ ಹಾಗಾಯಿತು. ಗುಂಡು ಸರಿಯೋ ತಪ್ಪೋ ನೋಡುವುದಕ್ಕೆ ಒಂದು ಸುಲಭದ ದಾರಿ ಇತ್ತು. ಐದು ಸೇರಿನ ಎಂಟು ಬೊಟ್ಟು ಒಂದು ಕಡೆ, ಗುಂಡು ಇನ್ನೊಂದು ಕಡೆ. ಎಣ್ಣೆ ಹಚ್ಚಿಟ್ಟ ಬೊಟ್ಟುಗಳು ಅಲ್ಲೇ ಕೈಗೆಟುಕುವಲ್ಲಿದ್ದವು. ಮರಿಸಿದ್ದಯ್ಯ ಅವುಗಳ ಕಡೆ ತಿರುಗಿ ಸಹ ನೋಡಲಿಲ್ಲ.

ಪೇಟೆಯ ಬಾಗಿಲಲ್ಲಿ ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುವ ಅಫ್ಸರ್ ಪಾಷಾ ಅವನ ಬಾಲ್ಯದ ಗೆಳೆಯ. ಅವನ ಮುಂದೆ ಹಳೆಯ ಬಳೆಯೊಂದನ್ನು ಹಿಡಿದು, "ಇಂಥವು ಹತ್ತು ಮಾಡ್ಕೊಡ್ಲಾ. ಇದುಕ್ಕಿಂತ ಸೇರಿಗೆ ಚೂರು ಕಮ್ಮಿ ಭಾರ ಜಾಸ್ತಿ ಇರ್ಬೇಕು. ಸವ್ದೋಗವೆ" ಅಂದ.

ಅಫ್ಸರ್ ಪಾಷಾ ಬಳೆಯನ್ನು ಅಂಗೈಯಲ್ಲಿ ಕುಣಿಸಿದ. "ಸಿದ್ದಣ್ಣ, ಇಡೀ ಬಳೆ ಒಂದೂವರೆ ಸೇರಿಲ್ಲ. ಇದ್ರಲ್ಲಿ ಒಂದು ಸೇರು ಸವ್ದೋಯ್ತಾ? ಹಂಗಾದ್ರೆ ನಿಮ್ಮ ಮುತ್ತಾತ ಇದ್ನ ಗುಂಡಿಗೆ ಮಾಡ್ಸಿದ್ನೋ, ಆನೆ ಕಾಲಿಗೆ ಮಾಡ್ಸಿದ್ನೋ?"

"ತೂಕ ನಂಗೆ ಯೋಳ್ಕೊಡ್ತೀಯೇನ್ಲಾ? ಮಾಡು ಅಂದ್ರೆ ಮಾಡು."

"ಆಯ್ತಪ್ಪ, ತೂಕದ ವಂಶದವ್ನು ನೀನು, ನಾನು ಸುತ್ತಿಗೆಯವ್ನು." ಗೆಳೆಯನ ಒಡೆದ ತುಟಿ, ಗುಳಿಬಿದ್ದ ಕಣ್ಣು ನೋಡಿ ಅವನು ಇನ್ನೇನೋ ಹೇಳಲು ಹೊರಟವನು ತಿದಿ ಒತ್ತುವ ಕಡೆಗೆ ತಿರುಗಿಕೊಂಡ. ಹಳೆಯ ಬಳೆಗಳನ್ನು ಕರಗಿಸಲಿಲ್ಲ, ಮೂಲೆಯ ಮೊಳೆಗೆ ಸಿಕ್ಕಿಸಿಟ್ಟ.

ಹೊಸ ಬಳೆ ಹಾಕಿ ತೂಗಿಕೊಂಡಾಗ ಏಳು ಮಣ ಬಂತು. ಮುಳ್ಳು ನಟ್ಟನಡುವೆ ನಿಂತಿತು. ಮರಿಸಿದ್ದಯ್ಯ ಆವತ್ತು ಎರಡು ತಂಬಿಗೆ ನೀರು ಕುಡಿದ. ಸಂಜೆ ಹೊಂಬಾಳಮ್ಮ ಅರ್ಧ ಮುದ್ದೆ ಇಟ್ಟರೆ, "ಇನ್ನರ್ಧ ಎಲ್ಲಿ?" ಅಂದ. ಅವಳಿಗೆ ಹಬ್ಬವಾಯಿತು. ಆರು ದಿನ ಮನೆಯಲ್ಲಿ ನಗು ಇತ್ತು. ಒಂದು ಮಧ್ಯಾಹ್ನ ಅವಳು ಅವರೆಕಾಳಿನ ಸಾರು, ತುಪ್ಪ ಹಾಕಿ ಬಿಸಿ ಅನ್ನ ಇಟ್ಟಳು. ಒಂದು ತುತ್ತು ಎಂದವನು ಮೂರು ತುತ್ತು ಉಂಡ. ಆ ಆರು ದಿನ ತಟ್ಟೆ ಹತ್ತಲೂ ಇಲ್ಲ. ಏಳು ಮಣ ಎಂದು ಗೊತ್ತಿದೆಯಲ್ಲ, ಇನ್ನೇಕೆ?

ಏಳನೇ ದಿನ ಸಂತೆ. ಮೊದಲ ಮೂರು ಗಾಡಿ ತೂಗಿ ಆಯಿತು. ನಾಲ್ಕನೆಯದು ಅಂಕಮ್ಮನದು. ಗಂಡ ಸತ್ತ ಮೇಲೆ ಒಬ್ಬಳೇ ಆಲೆಮನೆ ನಡೆಸುವವಳು, ಬಾಯಿ ಬಿರುಸು, ಬೆಲ್ಲ ಬಂಗಾರ. ಅವಳ ಲೆಕ್ಕ ಇಡೀ ಮಂಡಿಗೆ ಗೊತ್ತು. ಒಂದು ಅಚ್ಚು ಬೆಲ್ಲ ಒಂದು ಸೇರು. ಪಿಂಡಿಗೆ ನಲವತ್ತು ಕಟ್ಟಿ, ಮೇಲೊಂದು ಅಚ್ಚು ಸೇರಿಸುತ್ತಿದ್ದಳು. ಮಣಕ್ಕೆ ಒಂದು ಸೇರು ಹೆಚ್ಚೇ ಇರಲಿ, ಯಾರ ಬಾಯಿಗೂ ಸಿಕ್ಕುವುದು ಬೇಡ ಎಂದು. ಹಾಗಾಗಿ ಎಂಟು ಪಿಂಡಿ ಎಂಟು ಗುಂಡಿಗೆ ಇಟ್ಟರೆ ಅವಳ ತಟ್ಟೆ ಯಾವಾಗಲೂ ದಡಾರನೆ ನೆಲ ಮುಟ್ಟುತ್ತಿತ್ತು.

ಆವತ್ತು ಮುಟ್ಟಲಿಲ್ಲ. ಒಂದಿಷ್ಟು ಬಾಗಿ, ಹದ್ದಿನ ಹಾಗೆ ಗಾಳಿಯಲ್ಲಿ ತೇಲಿಕೊಂಡು ನಿಂತಿತು.

ಅಂಕಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಸಿದ್ದಣ್ಣ, ಇದ್ಯಾಕಣ್ಣ ನನ್ನ ತಟ್ಟೆ ಇವತ್ತು ನೆಂಟ್ರ ಮನೇಲಿ ಕೂತಂಗೆ ಅಂಜ್ಕಂಡು ಕೂತದೆ?"

ಸುತ್ತಲಿನವರು ನಕ್ಕರು. ಬೆಲ್ಲ ಕೊಳ್ಳುವ ಸಾಹುಕಾರ ಚಲುವನಾರಾಯಣ ಶೆಟ್ಟಿ, "ಅಚ್ಚು ಸಣ್ಣದಾಗಿರ್ಬೇಕು ಕಣಮ್ಮ" ಅಂದ.

"ನನ್ನ ಅಚ್ಚು ನಮ್ಮತ್ತೆ ಕಾಲದ್ದು ಸೆಟ್ರೆ. ಸವ್ದ್ರೆ ಅಚ್ಚು ಹಿಗ್ತದೆಯೇ ಹೊರ್ತು ಕುಗ್ಗಲ್ಲ. ಅಣ್ಣ, ನಿನ್ನ ಕಲ್ಲಿಗೇನಾದ್ರೂ ಆಗ್ಬುಟ್ಟದಾ ನೋಡು."

ನಾಲ್ಕು ತಲೆಮಾರಿನಲ್ಲಿ ಆ ಮನೆಯ ಕಲ್ಲನ್ನು ನೋಡು ಎಂದವರು ಇರಲಿಲ್ಲ. ಶೆಟ್ಟಿ ಗದರಲು ಬಾಯಿ ತೆರೆದ. ಎಲ್ಲರೂ ಮರಿಸಿದ್ದಯ್ಯ ಉರಿದು ಬೀಳುತ್ತಾನೆ ಎಂದು ಕಾದರು.

ಅಂಕಮ್ಮನ ಮೊದಲ ಮಾತಿಗೇ ಮರಿಸಿದ್ದಯ್ಯನಿಗೆ ಗೊತ್ತಾಗಿ ಹೋಗಿತ್ತು. ಆದರೆ ಒಪ್ಪುವುದು ಹೇಗೆ? ಅಂಕಮ್ಮನ ಬೆಲ್ಲ ಸರಿ ಎಂದರೆ ಕಲ್ಲು ತಪ್ಪು. ಕಲ್ಲು ತಪ್ಪು ಎಂದರೆ ಆವತ್ತಿನ ಆರು ಸೇರು ನಿಜ. ಆರು ಸೇರು ನಿಜವಾದರೆ, ಅದರ ಮೇಲೆ ಆರು ದಿನದ ಇಡೀ ಮುದ್ದೆ, ತುಪ್ಪದ ಅನ್ನ. ಈಗ ಎಷ್ಟಾಗಿದೆಯೋ? ಏಳೂಕಾಲೋ? ಏಳೂವರೆಯೋ? ಕಾಲಡಿಯಲ್ಲಿ ಇರುವೆಗಳ ಸಾಲೊಂದು ಪಿಂಡಿಯ ಕಡೆಗೆ ಹೋಗುತ್ತಿತ್ತು. ಅಂಕಮ್ಮನನ್ನು ಬೈದು ಕಳಿಸಿದರೆ ಮುಗಿಯಿತು, ಯಾರೂ ಅವಳ ಮಾತು ನಂಬುವುದಿಲ್ಲ. ಅವಳು ಸುಳ್ಳಿಯಾಗುತ್ತಾಳೆ, ತಾನು ಏಳು ಮಣವಾಗಿಯೇ ಇರುತ್ತೇನೆ.

ಆಮೇಲೆ ಅವನು ಬಗ್ಗಿ, ಅಂ‌ಕಮ್ಮನ ಪಿಂಡಿಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಗುಂಡುಗಳನ್ನು ಇಳಿಸಿ ಒಂದನ್ನು ಉಳಿಸಿದ. ಎದುರಿಗೆ ಐದು ಸೇರಿನ ಎಂಟು ಬೊಟ್ಟುಗಳನ್ನು, ಎಲ್ಲರಿಗೂ ಕಾಣುವ ಹಾಗೆ, ಎಣಿಸಿ ಇಟ್ಟ. ಬೊಟ್ಟುಗಳು ಒಂದಕ್ಕೊಂದು ತಾಕಿ ಟಣಟಣ ಎಂದವು. ಕೈ ಬಿಟ್ಟ. ಗುಂಡಿನ ತಟ್ಟೆ ಕೆಳಕ್ಕೆ ಹೋಯಿತು.

ಯಾರೋ ಹಿಂದಿನಿಂದ, "ತೂಕದವ್ರ ಮನೆ ಕಲ್ಲಿಗೂ ಒಟ್ಟೆ ಬಂತಲ್ಲಪ್ಪೋ!" ಅಂದರು. ಮಂಡಿ ಬಿದ್ದು ಬಿದ್ದು ನಕ್ಕಿತು.

ಮರಿಸಿದ್ದಯ್ಯ ನಗು ಮುಗಿಯುವ ತನಕ ನಿಂತಿದ್ದ. ಆಮೇಲೆ, "ನನ್ನ ಮೈ ಏರ್ತು. ಏರಿಲ್ಲ ಅನ್ಕಂಡೆ. ಕಲ್ಲೇ ಸವ್ದದೆ ಅಂತ ಬಳೆ ಬದ್ಲಾಯಿಸ್ದೆ. ಅಂಕಮ್ಮಂದೇ ಸರಿ. ಬೆಳಿಗ್ಗೆಯಿಂದ ತೂಗ್ಸಿರೋ ಮೂರು ಜನಾನೂ ನಿಂತ್ಕಳಿ, ಮತ್ತೆ ತೂಗ್ತೀನಿ" ಅಂದ. ಮಾತು ಅಷ್ಟೇ. ಈ ಸಲ ಯಾರೂ ನಗಲಿಲ್ಲ.

ಅಫ್ಸರ್ ಪಾಷಾನಿಗೆ ಸುದ್ದಿ ಮುಟ್ಟಿ ಅವನು ಹಳೆಯ ಬಳೆಗಳನ್ನು ತೋಳಿಗೆ ಪೋಣಿಸಿಕೊಂಡು ಓಡಿ ಬಂದ. ಸುತ್ತಿಗೆಯಲ್ಲಿ ಬಡಿದು ಹೊಸದನ್ನು ಬಿಚ್ಚಿ, ಹಳೆಯದನ್ನು ಹಾಕಿದ. ಗುಂಡು, ಬೊಟ್ಟು ಸಮ ನಿಂತವು. ಮೂರು ಗಾಡಿಯ ಬೆಲ್ಲ ಮತ್ತೆ ತಟ್ಟೆಗೆ ಬಂತು. ಕೊನೆಗೆ ಅಂಕಮ್ಮನದು. ಅವಳ ತಟ್ಟೆ ದಡಾರನೆ ನೆಲ ಮುಟ್ಟಿತು. ಅವಳು ಒಂದು ಚೂರು ಮುರಿದು ಅವನ ಅಂಗೈಗಿಟ್ಟಳು. ಅವನು ಹಣೆಗೊತ್ತಿಕೊಂಡು ಎತ್ತಿನ ಬಾಯಿಗಿಟ್ಟ.

ಮಧ್ಯಾಹ್ನ ಇಳಿಯಿತು. ಸಂತೆ ತೆಳುವಾಯಿತು. ತಕ್ಕಡಿ ಬಿಚ್ಚುವ ಹೊತ್ತು. ಮರಿಸಿದ್ದಯ್ಯ ಬಿಚ್ಚಲಿಲ್ಲ. ಏಳು ಗುಂಡನ್ನು ಒಂದು ತಟ್ಟೆಗೆ ಏರಿಸಿ, ಬರಿದಾದ ಇನ್ನೊಂದು ತಟ್ಟೆಯ ಮುಂದೆ ನಿಂತ. ಅದನ್ನು ನೋಡುತ್ತ ನೋಡುತ್ತ ಅವನ ಕಾಲು ಸಣ್ಣಗೆ ನಡುಗಲು ಶುರುವಾಯಿತು.

ಅಫ್ಸರ್ ಪಾಷಾ ಹತ್ತಿರ ಬಂದ. "ಸಿದ್ದಣ್ಣ, ಇವತ್ತು ಬ್ಯಾಡ. ಇಲ್ಲಾಂದ್ರೆ ಒಂದ್ ಕೆಲ್ಸ ಮಾಡು, ಕಣ್ಮುಚ್ಕಂಡು ಕೂತ್ಕ. ಬೊಟ್ಟು ನಾನಿಡ್ತೀನಿ. ಎಷ್ಟು ಅಂತ ನಿಂಗೆ ಯೋಳಲ್ಲ. ಮಂಡ್ಯದ ಡಾಕ್ಟ್ರಿಗೆ ನಾನೇ ಓಗಿ ಯೋಳಿ ಬತ್ತೀನಿ. ಎದ್ರುಕಳಂಗಿದ್ರೆ ಅವ್ರು ಎದ್ರುಕಳ್ಲಿ."

ಗಾಡಿ ಹೂಡುತ್ತಿದ್ದ ಅಂಕಮ್ಮ ನೊಗ ಬಿಟ್ಟು ಬಂದು ಅವನ ತೋಳಿಗೆ ಕೈ ಹಾಕಿದಳು. "ನಡುಗ್ತಾ ಇದ್ದೀಯಲ್ಲಣ್ಣ. ಬಾ, ನನ್ನ ಹಿಡ್ಕಂಡು ಹತ್ತು. ನಾನು ಹಿಡ್ಕಂಡಿರ್ತೀನಿ."

ಮರಿಸಿದ್ದಯ್ಯ ಅವಳ ಕೈಯನ್ನು ಮೆಲ್ಲಗೆ ತನ್ನ ತೋಳಿನಿಂದ ಬಿಡಿಸಿದ.

"ಬುಡಕ್ಕ, ಬ್ಯಾಡ. ನೀ ಹಿಡ್ಕಂಡ್ರೆ ಅದ್ರಲ್ಲಿ ನಂದೆಷ್ಟು ಅಂತ ಎಂಗೆ ಗೊತ್ತಾಯ್ತದೆ? ಪಾಷಾ, ನೀನೂ ಆ ಕಡೆ ಹೋಗ್ಲಾ, ಬೊಟ್ಟು ನನ್ನ ಕೈಗೆಟ್ಕೋ ಹಂಗೆ ಇಟ್ಟೋಗು. ಭಯ ಆಯ್ತದೆ, ಔದು, ದಿನಾ ಆಯ್ತದೆ, ಆಗ್ಲಿ. ನಂದು ನಾನೇ ನೋಡ್ಕತೀನಿ."